ಗಾಡಿ ಅಳ್ತದೆ ಅಂದ ಹುಡುಗ

"ಅಣ್ಣಾ, ಗಾಡಿ ಅಳ್ತದೆ. ಅಳೋಕ್ ಮುಂಚೆ ಒಂದ್ ಸಲ ಬಿಕ್ಕತದೆ."

ಮೊನ್ನೆ ಮಂಗಳವಾರದಿಂದ ಈ ಮಾತು ತಲೆಯಲ್ಲೇ ಕೂತಿದೆ. ಹೇಳಿದ್ದು ಹಿಟಾಚಿ ಓಡಿಸುವ ಹುಡುಗ. ಜಾರ್ಖಂಡ್ ಕಡೆಯವನು. ಮೂರು ವರ್ಷದಿಂದ ಮಂಡ್ಯ ಜಿಲ್ಲೆಯಲ್ಲಿದ್ದಾನೆ. ಕನ್ನಡ ಕಲಿತದ್ದೆಲ್ಲ ಕೆರೆ ಏರಿ ಮೇಲೆ, ಟ್ರ್ಯಾಕ್ಟರ್ ಡ್ರೈವರ್‌ಗಳ ಬಾಯಿಂದ. ಹಿಟಾಚಿ ಅಂದೆ, ಆದರೆ ಮೆಷಿನ್ ಬೇರೆ ಕಂಪನಿಯದು. ನಮ್ಮ ಕಡೆ ಚೈನ್ ಇರೋದೆಲ್ಲ ಹಿಟಾಚಿ, ಟೈರ್ ಇರೋದೆಲ್ಲ ಜೆಸಿಬಿ, ಅಲ್ವಾ.

ನಾಗಮಂಗಲ ಕಡೆಯ ಒಂದು ಕೆರೆ. ಹೂಳೆತ್ತುವ ಕೆಲಸ. ಇನ್ನೇನು ಮಳೆ ಬಂತು ಅನ್ನುವ ಹೊತ್ತು. ಗೋಡು ಒಯ್ಯೋಕೆ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿದ್ದವು. ಕೆರೆ ಗೋಡು ಬಿದ್ದ ಹೊಲದ ಬೆಳೆ ಹೇಗಿರುತ್ತೆ ಅಂತ ರೈತರಿಗೆ ಗೊತ್ತು, ನೀರು ನಿಂತರೆ ಒಂದು ಬಾಂಡ್ಲಿ ಮಣ್ಣೂ ಸಿಗಲ್ಲ ಅಂತಲೂ ಗೊತ್ತು, ಹಾಗಾಗಿ ಯಾರಿಗೂ ತಾಳ್ಮೆ ಇಲ್ಲ. ನಡುವೆ 20 ಟನ್ ಮೆಷಿನ್ ಬಕೆಟ್ ಊರಿಕೊಂಡು ಸುಮ್ನೆ ನಿಂತಿತ್ತು.

ನನಗಿಂತ ಮೊದಲು ಬಂದ ಮೆಕ್ಯಾನಿಕ್ ಬಕೆಟ್, ಚೈನ್ ಎಲ್ಲಕ್ಕೂ ಆಯಿಲ್ ತಳ್ಳುವ ಮೇನ್ ಪಂಪ್ ಹೋಗಿದೆ, ಇಳಿಸಬೇಕು ಅಂದಿದ್ದರು. ಪಂಪ್ ಇಳಿಸೋದು ಅಂದರೆ ಲಕ್ಷಗಳ ಮಾತು. ಓನರ್ ಮುಖದಲ್ಲಿ ರಕ್ತ ಇರಲಿಲ್ಲ. ನಾನು ವೈರಿಂಗ್ ಕೆಲಸದವನು, ಇನ್ನೊಬ್ಬರ ಮಾತೂ ಕೇಳಿಬಿಡೋಣ ಅಂತ ಕರೆಸಿದ್ದರು. ಆಗ ಹುಡುಗ ಆ ಮಾತು ಹೇಳಿದ್ದು. ಓನರ್ ತಿರುಗಿ ನೋಡದೆಯೇ ಅಂದರು: "ನೀನ್ ಸುಮ್ನಿರಯ್ಯ, ಪಂಪ್ ಹೋಗೈತೆ ಅಂತ ದೊಡ್ಡೋರು ಹೇಳವ್ರೆ."

ಹುಡುಗ ಸುಮ್ಮನಾದ. ಮುಖ ಕೂಡ ಸಪ್ಪಗಾಗಲಿಲ್ಲ. ದಿನಾ ಬೈಸಿಕೊಂಡು ರೂಢಿಯಾದವರು ಸುಮ್ಮನಾಗ್ತಾರಲ್ಲ, ಹಾಗೆ. ನನಗೆ ಅವತ್ತಿಂದ ಕಾಡುತ್ತಿರೋದು ಅದು.

ಆದರೆ ಆ ಕ್ಷಣ ನಾನೂ ಅವನ ಮಾತು ಹಿಡಿಯಲಿಲ್ಲ. ಮೀಟರ್ ತೆಗೆದೆ. ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ಸರಿಯಾಗಿತ್ತು. ಫ್ಯೂಸ್ ಸರಿ. ಅರ್ತ್ ಬೋಲ್ಟ್ ಬಿಚ್ಚಿ ಉಜ್ಜಿ ಮತ್ತೆ ಬಿಗಿದೆ. ಪಂಪ್ ಮೇಲೆ ಕರೆಂಟ್ ಬಂದಾಗ ವಾಲ್ವ್ ಆಡಿಸುವ ಸೊಲೆನಾಯ್ಡ್ ಇರುತ್ತೆ, ಅದರ ಕಾಯಿಲ್ 11 ಓಮ್ ತೋರಿಸಿತು, ಅದೂ ಸರಿ. ಮಾನಿಟರ್‌ನಲ್ಲಿ ಹಳೆಯ ಫಾಲ್ಟ್ ಕೋಡ್ ಒಂದೂ ಇರಲಿಲ್ಲ. ಮೊದಲು ಬಂದವರು ಬರೆದಿಟ್ಟುಕೊಳ್ಳದೆ ಅಳಿಸಿ ಹೋಗಿದ್ದರು. ಅವರ ಮೇಲೆ ನನಗೆ ಗೌರವ ಇದೆ. ಅವರ ಕೈಯಲ್ಲಿ ಕಲಿತ ಹುಡುಗರು ತಾಲ್ಲೂಕು ತುಂಬ ಇದ್ದಾರೆ. ಆದರೂ ಇದು ತಪ್ಪು. ಮೆಷಿನ್ ತಾನಾಗಿ ಬರೆದಿಟ್ಟ ಸಾಕ್ಷಿ ಅದು, ಓದದೆ ಅಳಿಸಬಾರದು.

ಒಂದು ಗಂಟೆ ಹೀಗೇ ಹೋಯಿತು. ಆಮೇಲೆ ಹುಡುಗನಿಗೆ ಗಾಡಿ ಓಡಿಸು ಅಂದೆ, ನಾನು ಪಕ್ಕದಲ್ಲಿ ನಿಂತೆ. ಖಾಲಿ ಬಕೆಟ್ ಆಡಿಸಿದಾಗ ಏನೂ ಇಲ್ಲ. ಹಸಿ ಗೋಡಿಗೆ ಹಲ್ಲು ಊರಿ ಎಳೆದ. ಇಂಜಿನ್ ಒಂದು ಸಲ 'ಹಕ್' ಅಂತು. ಆಮೇಲೆ ಆರ್‌ಪಿಎಂ ಕುಸಿದು, ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಂದು, ಗೋಳೋ ಅಂತ ಅಳೋಕೆ ಶುರುಮಾಡಿತು. ಬಿಕ್ಕಿತು, ಅತ್ತಿತು. ಅವನು ಹೇಳಿದ್ದರಲ್ಲಿ ಒಂದು ಅಕ್ಷರ ಜಾಸ್ತಿ ಇಲ್ಲ, ಕಡಿಮೆ ಇಲ್ಲ.

ಪಂಪ್ ಸವೆದಿದ್ದರೆ ಇಂಜಿನ್ ಅಳೋದೇ ಇಲ್ಲ. ಆಯಿಲ್ ಒಳಗೇ ಸೋರಿ ಬಕೆಟ್ ನಿಧಾನ ಆಗುತ್ತೆ, ಇಂಜಿನ್‌ಗೆ ಹೊರೆ ಕಡಿಮೆ ಆಗುತ್ತೆ. ಇಲ್ಲಿ ಇಂಜಿನ್ ಬಗ್ಗಿಹೋಗ್ತಿದೆ ಅಂದರೆ ಪಂಪ್ ಅಳತೆ ಮೀರಿ ತಳ್ಳುತ್ತಿದೆ. ಆ ಅಳತೆ ಇಡೋದು ಕಂಟ್ರೋಲರ್, ಅಂದರೆ ಗಾಡಿಯ ಕಂಪ್ಯೂಟರ್. ಈ ಮೆಷಿನ್‌ನಲ್ಲಿ ಅದು ಸೊಲೆನಾಯ್ಡ್‌ಗೆ ಕರೆಂಟ್ ಕಳಿಸಿ, ಇಂಜಿನ್ ತಾಳುವಷ್ಟೇ ತಳ್ಳು ಅಂತ ಪಂಪನ್ನು ಹಿಡಿದಿಟ್ಟಿರುತ್ತೆ. ಕರೆಂಟ್ ಕಡಿದರೆ ಪಂಪ್‌ಗೆ ಹಗ್ಗ ಬಿಚ್ಚಿದಂತೆ. ಮತ್ತೆ ಸವೆತ ಅನ್ನೋದು ತಿಂಗಳಾನುಗಟ್ಟಲೆ ನಿಧಾನವಾಗಿ ಬರುತ್ತೆ. ಬಿಕ್ಕಳಿಕೆ ಹಾಗಲ್ಲ, ಫಟ್ ಅಂತ ಬಂದು ಹೋಗುತ್ತೆ. ಫಟ್ ಅಂತ ಬಂದುಹೋಗೋದು ಸಾಮಾನ್ಯವಾಗಿ ವೈರು.

ಸೀಟಿನ ಹಿಂದೆ ಎಮರ್ಜೆನ್ಸಿ ಸ್ವಿಚ್ ಇತ್ತು. ಹಾಕಿದರೆ ಈ ಮೆಷಿನ್‌ನಲ್ಲಿ ಕಂಟ್ರೋಲರನ್ನೂ ಅದರ ವೈರನ್ನೂ ಪಕ್ಕಕ್ಕಿಟ್ಟು ಬೇರೆ ವೈರಿನಲ್ಲಿ ಸೊಲೆನಾಯ್ಡ್‌ಗೆ ಒಂದೇ ಸಮನೆ ಕರೆಂಟ್ ಕೊಡುತ್ತೆ. ಹಾಕಿದೆ. ಹುಡುಗ ಮತ್ತೆ ಹಲ್ಲು ಊರಿದ. ಗಾಡಿ ಅಳಲಿಲ್ಲ. ಪಂಪ್ ಚೆನ್ನಾಗಿದೆ ಅಂತ ಅಲ್ಲಿಗೆ ಗೊತ್ತಾಯಿತು. ಅಷ್ಟರಲ್ಲಿ ಮಾನಿಟರ್‌ನಲ್ಲೂ ಕೋಡ್ ವಾಪಸ್ ಬಂದಿತ್ತು, ಅದೇ ಸೊಲೆನಾಯ್ಡ್ ಲೈನ್ ಕಡಿದಿದೆ ಅಂತ. ಎಲ್ಲಿ ಕಡಿದಿದೆ ಅಂತ ಮಾತ್ರ ಕೋಡ್ ಹೇಳಲ್ಲ.

ಕಂಟ್ರೋಲರ್ ಪ್ಲಗ್ ತೆಗೆದಿಟ್ಟೆ, ಇಲ್ಲದಿದ್ದರೆ ಅದು ಸುಟ್ಟುಹೋಗಬಹುದು. ಆ ಒಂದೇ ವೈರಿನ ಮೂಲಕ 24 ವೋಲ್ಟ್ ಕೊಟ್ಟು, ಇನ್ನೊಂದು ತುದಿಗೆ ಲಾರಿ ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್ ಕಟ್ಟಿದೆ. ಮೀಟರ್‌ಗೆ ಎರಡು ಎಳೆ ತಾಗಿದ್ದರೂ ಸಾಕು, ಸರಿ ಅಂತ ಬೀಪ್ ಹೊಡೆಯುತ್ತೆ. ಬಲ್ಬ್ ಹಾಗೆ ಒಪ್ಪಲ್ಲ. ಕೆಂಪಗೆ ಮಂಕಾಗಿ ಉರಿಯಿತು. ಕ್ಯಾಬಿನ್ ಕಡೆಯಿಂದ ಪಂಪ್ ತನಕ ವೈರನ್ನು ಗೇಣು ಗೇಣಾಗಿ ಕೈಯಲ್ಲಿ ಅಲ್ಲಾಡಿಸುತ್ತಾ ಬಂದೆ. ಪಂಪ್ ಹತ್ತಿರದ ದಪ್ಪ ಆಯಿಲ್ ಹೋಸ್ ಪಕ್ಕ ಬಂದಾಗ ಬಲ್ಬ್ ಆರಿಹೋಯಿತು.

ಯಾರೋ ಹೋಸ್ ಬದಲಾಯಿಸಿದಾಗ ಹಾರ್ನೆಸ್‌ನ, ಅಂದರೆ ವೈರ್ ಕಟ್ಟಿನ, ಕ್ಲಾಂಪ್ ಬಿಸಾಕಿ, ಅದನ್ನು ಆ ಹೋಸ್‌ಗೇ ಕಟ್ಟುಕಂಬಿಯಲ್ಲಿ ಬಿಗಿದಿದ್ದರು. 350 ಬಾರ್ ತನಕ ಪ್ರೆಷರ್ ಏರುವ ಹೋಸ್ ಅದು. ಬಕೆಟ್ ಕಚ್ಚಿದಾಗಲೆಲ್ಲ ಹಾವಿನ ಹಾಗೆ ಸೆಟೆದು ಎಗರುತ್ತೆ, ಎಗರಿದಾಗಲೆಲ್ಲ ವೈರನ್ನು ಎಳೆಯುತ್ತೆ. ಹೊರಗಿನ ಪ್ಲಾಸ್ಟಿಕ್ ನೋಡೋಕೆ ಚೆನ್ನಾಗೇ ಇತ್ತು. ಬ್ಲೇಡ್‌ನಲ್ಲಿ ಸೀಳಿದೆ. ಒಳಗೆ ತಾಮ್ರದ ಎಳೆಗಳು ಒಣಗಿದ ಹುಲ್ಲಿನ ಹಾಗೆ ಮುರಿದು ಬಿದ್ದಿದ್ದವು. ಮೇಲೆ ಹಸಿರು ಕಿಲುಬು. ತುದಿಗೆ ತುದಿ ತಾಗಿ ನಿಂತಿದ್ದವು ಅಷ್ಟೆ. ಅಂಗೈ ಮೇಲೆ ಉದುರಿಸಿಕೊಂಡೆ, ಪುಡಿ. ಲಕ್ಷಗಟ್ಟಲೆ ಖರ್ಚಿನ ಮಾತು ಬಂದದ್ದು ಒಂದು ಬೆರಳಷ್ಟು ತುಂಡು ವೈರಿನಿಂದ.

ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ, ಹಾರ್ನೆಸ್ ಬೇರೆ ಕಡೆಗೆ ಕ್ಲಾಂಪ್ ಮಾಡಿದ್ದು ಮುಕ್ಕಾಲು ಗಂಟೆಯ ಕೆಲಸ.

ಓನರ್ ಕೆಟ್ಟವರಲ್ಲ. ಕಂತು ಕಟ್ಟುವ ಭಯ ಇರೋರು ದೊಡ್ಡ ದನಿಯ ಕಡೆಗೇ ವಾಲ್ತಾರೆ. ಆದರೆ ದಿನಕ್ಕೆ ಹತ್ತು ಗಂಟೆ ಆ ಸೀಟಿನಲ್ಲಿ ಕೂರೋನು ಯಾರು? ಅವನ ಬೆನ್ನಿಗೆ, ಅಂಗಾಲಿಗೆ ಗೊತ್ತಾಗೋದು ನನ್ನ ಮೀಟರ್‌ಗೆ ಗೊತ್ತಾಗಲ್ಲ. ಆಪರೇಟರ್‌ಗಳು ಬಳಸುವ ಮಾತುಗಳನ್ನೆಲ್ಲ ಈ ವಾರ ಕೂತು ನೆನಪು ಮಾಡಿಕೊಂಡೆ. ಗಾಡಿ ಮಂಕಾಗಿದೆ ಅಂದರೆ ಎಲ್ಲಾ ಕೆಲಸವೂ ನಿಧಾನ, ಮೊದಲು ಪೈಲಟ್ ಪ್ರೆಷರ್, ಅಂದರೆ ಲಿವರ್‌ನಿಂದ ವಾಲ್ವ್‌ಗಳಿಗೆ ಹೋಗುವ ಆಯಿಲ್ ಪ್ರೆಷರ್ ನೋಡಬೇಕು. ಕೆಮ್ಮುತ್ತೆ ಅಂದರೆ ಡೀಸೆಲ್‌ನಲ್ಲಿ ಗಾಳಿ. ಯೋಚನೆ ಮಾಡುತ್ತೆ ಅಂದರೆ ಲಿವರ್ ಎಳೆದ ಮೇಲೆ ತಡವಾಗಿ ಏಳುತ್ತೆ. ಇವೆಲ್ಲ ಸುಮ್ನೆ ಬಾಯಿಗೆ ಬಂದ ಮಾತು ಅಂತ ಎಷ್ಟು ವರ್ಷ ಅಂದುಕೊಂಡಿದ್ದೆ. ಎಷ್ಟು ಜನ ಇಂಥ ಮಾತು ಹೇಳಿ, ನಾನು ಹೂಂ ಅಂದು ಮೀಟರ್ ತೆಗೆದದ್ದನ್ನು ನೋಡಿ ಸುಮ್ಮನಾಗಿರಬೇಕು. ಓನರ್ ಥರ ಬೈದಿಲ್ಲ, ನಿಜ. ಅವರಿಗೆ ಅದರಿಂದ ಏನು ವ್ಯತ್ಯಾಸ ಆಗಿರುತ್ತೆ?

ಸಂಜೆ ಬ್ಯಾಗ್ ಹೆಗಲಿಗೆ ಹಾಕಿ ಏರಿ ಹತ್ತುತ್ತಿದ್ದೆ. ಓನರ್ ಪಕ್ಕದಲ್ಲೇ ಇದ್ದರು. ಹಿಂದಿನಿಂದ ಹುಡುಗನ ದನಿ.

"ಅಣ್ಣಾ, ಎಡಗಡೆ ಚೈನು ಸ್ವಲ್ಪ ಯೋಚನೆ ಮಾಡ್ತದೆ."

ಓನರ್ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ನಾನು ಬ್ಯಾಗ್ ಕೆಳಗಿಟ್ಟೆ. "ಯಾವಾಗಿಂದ? ಮುಂದಕ್ಕೋ, ಹಿಂದಕ್ಕೋ?" ಅಂತ ಕೇಳಿದೆ. ಅವನು ಕ್ಯಾಬಿನ್‌ನಿಂದ ಕೆಳಗಿಳಿದು ಬಂದು, ಕೈ ಆಡಿಸುತ್ತಾ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಮೊದಲಿಂದ ಹೇಳೋಕೆ ಶುರುಮಾಡಿದ.