ಕ್ರೋ ಪ್ಯಾಟ್ರಿಕ್ ತುದಿಯಲ್ಲಿ

ಮೊಣಕಾಲು ಇನ್ನೂ ನಡುಗ್ತಾ ಇದೆ, ಆದರೂ ಇವತ್ತೇ ಬರೆದುಬಿಡಬೇಕು. ಐರ್ಲೆಂಡಿನ ಬ್ಯಾಲಿಂಟಬರ್ ಮಠದಿಂದ ಕ್ರೋ ಪ್ಯಾಟ್ರಿಕ್ ಬೆಟ್ಟಕ್ಕೆ ಹಳೇ ಯಾತ್ರೆಯ ದಾರಿ, ಸುಮಾರು 35 ಕಿಲೋಮೀಟರ್. 1216ರಲ್ಲಿ ಕಟ್ಟಿದ ಆ ಮಠದಿಂದ ಹೊರಟಾಗ ಬೆಳಕು ಸರಿಯಾಗಿ ಹರಿದಿರಲಿಲ್ಲ.

ದಾರಿಯುದ್ದಕ್ಕೂ ಕುರಿ ಮೇಯುವ ಹುಲ್ಲುಗಾವಲು, ಜೌಗು, ನಾಲ್ಕಾರು ಮನೆಗಳ ಊರುಗಳು. ಆಘಗವರ್‌ನ ದುಂಡು ಗೋಪುರದ ಹತ್ತಿರ ಕೂತು ಬೂಟು ಬಿಚ್ಚಿ ಕಾಲ್ಚೀಲ ಹಿಂಡಿದೆ, ಕಪ್ಪು ನೀರು ಸುರೀತು.

ಅಸಲಿ ಕಷ್ಟ ಇರೋದು ಕೊನೆಯ ಏರಿನಲ್ಲಿ. ಬರೀ ಸಡಿಲ ಕಲ್ಲು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಕ್ಕೆ ಜಾರುತ್ತೆ. ಜುಲೈ ಕೊನೆಯ ಭಾನುವಾರದ ಯಾತ್ರೆಯಲ್ಲಿ ಇದನ್ನು ಬರಿಗಾಲಲ್ಲಿ ಹತ್ತುವವರಿದ್ದಾರೆ! ಅವರ ಭಕ್ತಿಗೆ ಕೈ ಮುಗಿದೆ.

764 ಮೀಟರ್ ಎತ್ತರದಲ್ಲಿ 1905ರ ಪುಟ್ಟ ಬಿಳಿ ಪ್ರಾರ್ಥನಾಲಯ. ಬಾಗಿಲು ಹಾಕಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತಾಗ, ಇಷ್ಟು ಮೇಲಕ್ಕೆ ಸಾಮಾನು ಸಾಗಿಸಿ ಇದನ್ನು ಕಟ್ಟಿದ ಜನ ನೆನಪಾದರು. ಅವರ ಹೆಸರು ನನಗೆ ಗೊತ್ತಿಲ್ಲ, ಆದರೆ ಗಾಳಿಗೆ ಮರೆಯಾಗಿ ನಿಂತಿದ್ದು ಅವರ ಗೋಡೆಯೇ. ಅಷ್ಟರಲ್ಲಿ ಮೋಡ ಸರಿದು ಕೆಳಗೆ ಕ್ಲೂ ಕೊಲ್ಲಿಯ ದ್ವೀಪಗಳು ಒಂದೊಂದಾಗಿ ಕಾಣಿಸಿಕೊಂಡವು.