ಬೆಟ್ಟದ ಮೇಲೆ ಗಡಿಯಾರ ಬೇಗ ಓಡುತ್ತದೆ

ಚಾಮುಂಡಿ ಬೆಟ್ಟದ ಮೇಲೆ ವಾಸವಿರುವವರಿಗೆ ಬುಡದಲ್ಲಿರುವವರಿಗಿಂತ ವರ್ಷಕ್ಕೆ ಸುಮಾರು 1 ಮೈಕ್ರೊಸೆಕೆಂಡ್ ಹೆಚ್ಚು ವಯಸ್ಸಾಗುತ್ತದೆ. ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಭೂಮಿಗೆ ಹತ್ತಿರವಾದಷ್ಟೂ ಅದರ ಗುರುತ್ವದಿಂದ ಕಾಲ ನಿಧಾನವಾಗುವುದೇ ಕಾರಣ. ಅಷ್ಟರಮಟ್ಟಿಗೆ ಕೆಳಗಿನವರು ಮೇಲಿನವರ ಭವಿಷ್ಯಕ್ಕೆ ಹೋಗಿಬಿಟ್ಟಿರುತ್ತಾರೆ. ಮುಂದಕ್ಕೆ ಕಾಲಪ್ರಯಾಣ ಸಾಧ್ಯವೇ ಎಂದು ಚರ್ಚಿಸುವ ಅಗತ್ಯವೇ ಇಲ್ಲ, ಎಷ್ಟು ಎನ್ನುವುದಷ್ಟೇ ಲೆಕ್ಕ.

ಎತ್ತರವನ್ನು ಗುರುತ್ವದ ವೇಗೋತ್ಕರ್ಷವಾದ 9.8ರಿಂದ ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿ, ದಿನದ 86,400 ಸೆಕೆಂಡಿನಿಂದ ಗುಣಿಸಿ. ಬುಡದಿಂದ ತುದಿಗೆ ಸುಮಾರು 300 ಮೀಟರ್ ಹಿಡಿದರೆ ದಿನಕ್ಕೆ 2.8 ನ್ಯಾನೊಸೆಕೆಂಡ್ (ಮೈಕ್ರೊಸೆಕೆಂಡಿನ ಸಾವಿರದಲ್ಲೊಂದು ಪಾಲು ಒಂದು ನ್ಯಾನೊಸೆಕೆಂಡ್) ಬರುತ್ತದೆ. ಅಳೆಯುವುದು ಮಾತ್ರ ತಲೆನೋವು. ಮಾರುಕಟ್ಟೆಯಲ್ಲಿ ಸಿಗುವ ಒಳ್ಳೆಯ ಸೀಸಿಯಂ ಪರಮಾಣು ಗಡಿಯಾರಗಳೂ ಒಂದಕ್ಕೊಂದು ಇದರ ಹತ್ತು ಪಟ್ಟಿಗಿಂತ ಹೆಚ್ಚು ತಪ್ಪಬಹುದು. ಹಾಗಾಗಿ ಮೊದಲು ಒಂದು ವಾರ ಅಂಥ ಎರಡು ಗಡಿಯಾರಗಳನ್ನು ಕೆಳಗೆ ಪಕ್ಕಪಕ್ಕದಲ್ಲೇ ಓಡಿಸಿ, ಅವುಗಳ ನಡುವಿನ ಸಹಜ ವ್ಯತ್ಯಾಸ ಬರೆದುಕೊಳ್ಳಬೇಕು. ಆಮೇಲೆ ಒಂದನ್ನು ಬ್ಯಾಟರಿಯ ಮೇಲೆ, ಆಫ್ ಆಗದಂತೆ, ಉಷ್ಣತೆ ಏರುಪೇರಾಗದಂತೆ ಮೇಲಕ್ಕೆ ಸಾಗಿಸಿ, ವಾರ ಬಿಟ್ಟು ಇಳಿಸಿ, ಮತ್ತೊಂದು ವಾರ ಪಕ್ಕದಲ್ಲಿಡಬೇಕು. ಈ ಕೊನೆಯ ವಾರವನ್ನು ಕೈಬಿಟ್ಟರೆ, ಪ್ರಯಾಣದಲ್ಲಿ ಗಡಿಯಾರದ ಗತಿಯೇ ಬದಲಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಸಿಗಬೇಕಾದದ್ದು ಸುಮಾರು 20 ನ್ಯಾನೊಸೆಕೆಂಡ್. ಗಡಿಯಾರದ ಸ್ವಂತ ಅಲೆದಾಟವೇ ವಾರಕ್ಕೆ ಹಲವು ನ್ಯಾನೊಸೆಕೆಂಡ್ ಇರುವುದರಿಂದ ಎರಡೂ ಕಡೆ ಮೂರು ಮೂರು ಇಟ್ಟು ಸರಾಸರಿ ತೆಗೆಯುವುದು ಕ್ಷೇಮ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಅಲ್ಯೂಮಿನಿಯಂ ಅಯಾನಿನ ಗಡಿಯಾರಗಳಲ್ಲಿ ಬರೀ 33 ಸೆಂಟಿಮೀಟರ್ ಎತ್ತರದ ವ್ಯತ್ಯಾಸವನ್ನೇ ಹಿಡಿದರು.

ಜಿಪಿಎಸ್ ಉಪಗ್ರಹಗಳ ಗಡಿಯಾರ ಎತ್ತರದಿಂದಾಗಿ ದಿನಕ್ಕೆ 45 ಮೈಕ್ರೊಸೆಕೆಂಡ್ ಮುಂದೋಡುತ್ತದೆ, ವೇಗ ಹೆಚ್ಚಾದಷ್ಟೂ ಕಾಲ ನಿಧಾನವಾಗುವುದರಿಂದ 7 ಹಿಂದೆ ಬೀಳುತ್ತದೆ. ಉಳಿಯುವುದು 38. ಇದನ್ನು ಸರಿಪಡಿಸದಿದ್ದರೆ ನಕ್ಷೆ ದಿನಕ್ಕೆ 11 ಕಿ.ಮೀ. ತಪ್ಪುತ್ತದೆ ಎಂಬ ಜನಪ್ರಿಯ ಮಾತು ಅರ್ಧ ಸತ್ಯ. ಪ್ರತಿ ಉಪಗ್ರಹದ ದೂರದ ಅಳತೆ ಅಷ್ಟು ತಪ್ಪುವುದು ನಿಜ, ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಫೋನು ತನ್ನ ಗಡಿಯಾರವನ್ನು ಹೊಂದಿಸಿಕೊಳ್ಳುವಾಗ ಅದರ ಬಹುಪಾಲು ಕಳೆದುಹೋಗುತ್ತದೆ.

ದೊಡ್ಡ ಜಿಗಿತ ಬೇಕೇ? ಬೆಳಕಿನ ವೇಗದ 99.5 ಶೇಕಡದಲ್ಲಿ ಹೋಗಿಬಂದರೆ ನಿಮಗೆ 1 ವರ್ಷ, ಮೈಸೂರಿಗೆ 10 ವರ್ಷ. 70 ಕಿಲೋ ಮೈಯೊಂದನ್ನೇ ಆ ವೇಗಕ್ಕೆ ತರಲು, ಮಂಡ್ಯ ಜಿಲ್ಲೆಯ ಶಿವನಸಮುದ್ರದ 42 ಮೆಗಾವ್ಯಾಟ್ ವಿದ್ಯುದಾಗಾರ ಪೂರ್ಣ ಸಾಮರ್ಥ್ಯದಲ್ಲಿ ಸುಮಾರು 43,000 ವರ್ಷ ಓಡಬೇಕು. 1902ರಲ್ಲಿ ಶುರುವಾದದ್ದು, ಇನ್ನೂ ಬಹಳ ಬಾಕಿ ಇದೆ! ನೌಕೆಯ ತೂಕ, ನಿಲ್ಲಿಸುವ ಖರ್ಚು, ತಿರುಗಿ ಬರುವ ಖರ್ಚು ಬೇರೆ.

ಹಿಂದಕ್ಕೆ ಹೋಗುವುದನ್ನು ಐನ್‌ಸ್ಟೈನರ ಸಮೀಕರಣಗಳು ನೇರವಾಗಿ ತಡೆಯುವುದಿಲ್ಲ. 1949ರಲ್ಲಿ ಗಣಿತಜ್ಞ ಗೋಡೆಲ್ ಅಂಥದೊಂದು ಪರಿಹಾರ ತೋರಿಸಿದರು, ಆದರೆ ಅದಕ್ಕೆ ಇಡೀ ವಿಶ್ವವೇ ಗಿರಗಿರನೆ ತಿರುಗುತ್ತಿರಬೇಕು. 1988ರಲ್ಲಿ ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತು ಸಂಗಡಿಗರು ವರ್ಮ್‌ಹೋಲಿನ, ಅಂದರೆ ದೇಶಕಾಲದ ಎರಡು ಜಾಗಗಳನ್ನು ಜೋಡಿಸುವ ಸುರಂಗದ, ದಾರಿ ಹೇಳಿದರು. ಅದರ ಬಾಯಿ ಮುಚ್ಚಿಕೊಳ್ಳದಿರಲು ಋಣ ಶಕ್ತಿ, ಅಂದರೆ ಬರಿಯ ನಿರ್ವಾತಕ್ಕಿಂತಲೂ ಕಡಿಮೆ ಶಕ್ತಿ, ಬೇಕು, 1 ಮೀಟರ್ ಬಾಯಿಗೆ ಹೆಚ್ಚುಕಡಿಮೆ ಗುರುಗ್ರಹದಷ್ಟು. ನಮಗೆ ಗೊತ್ತಿರುವ ಋಣ ಶಕ್ತಿ ಎಂದರೆ ಲೋಹದ ಎರಡು ಫಲಕಗಳ ನಡುವಿನ ಕ್ಯಾಸಿಮಿರ್ ಪರಿಣಾಮ. ಅಂತರ 1 ಮೈಕ್ರಾನ್ ಇದ್ದಾಗ ಅದು ಹುಟ್ಟಿಸುವ ಒತ್ತಡ ಪಾಸ್ಕಲಿನ ಸಾವಿರದಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಹೇಗೋ ಕಟ್ಟಿದರೂ ಅದು ಕಾಲಯಂತ್ರವಾದ ದಿನಕ್ಕಿಂತ ಹಿಂದೆ ಹೋಗಲಾಗದು, 1799ರ ಶ್ರೀರಂಗಪಟ್ಟಣ ನೋಡುವ ಆಸೆ ಬಿಡಬೇಕು. ಸುರಂಗ ಕಾಲಯಂತ್ರವಾಗುವ ಹೊತ್ತಿಗೇ ನಿರ್ವಾತದ ಏರಿಳಿತಗಳು ಅದರೊಳಗೆ ಸುತ್ತಿ ಸುತ್ತಿ ಬೆಳೆದು ಅದನ್ನೇ ಕೆಡಿಸಬಹುದು ಎನ್ನುವುದು 1992ರಲ್ಲಿ ಹಾಕಿಂಗ್ ಮಂಡಿಸಿದ ಊಹೆ. ಅದನ್ನು ಸಾಧಿಸಿ ತೋರಿಸಲು ಬೇಕಾದ, ಗುರುತ್ವವನ್ನೂ ಕ್ವಾಂಟಂ ನಿಯಮಗಳನ್ನೂ ಒಂದುಗೂಡಿಸುವ ಕ್ವಾಂಟಂ ಗುರುತ್ವ ಸಿದ್ಧಾಂತ ಇನ್ನೂ ಯಾರ ಕೈಯಲ್ಲೂ ಇಲ್ಲ.