ಕಣ್ಣಿನ ಡ್ರಾಪ್ಸ್

ನಿನ್ನೆ ರಾತ್ರಿ ಹತ್ತು ಪುಟ ಓದಿ ಮಲಗೋಣ ಅಂತ 'ಕ್ರೂಕೆಡ್ ಹೌಸ್' ಹಿಡಿದೆ. ಮುಗಿಸಿದಾಗ ಎರಡೂವರೆ.

ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ, 1949ರಲ್ಲಿ ಬಂದದ್ದು. ಕ್ರಿಸ್ಟಿಯ ಮಾಮೂಲಿ ಪತ್ತೇದಾರರಾದ ಪ್ವಾರೋನೂ ಇಲ್ಲ, ಮಿಸ್ ಮಾರ್ಪಲ್ಲೂ ಇಲ್ಲ. ಲಂಡನ್ ಹೊರಗಿನ ಒಂದು ದೊಡ್ಡ ಸೊಟ್ಟ ಮನೆ, ಒಳಗೆ ಮೂರು ತಲೆಮಾರು. ಯಜಮಾನ ಮುದುಕನಿಗೆ ದಿನಾ ಇನ್ಸುಲಿನ್ ಚುಚ್ಚಬೇಕು. ಯಾರೋ ಆ ಬಾಟಲಿಗೆ ಅವನದೇ ಕಣ್ಣಿನ ಡ್ರಾಪ್ಸ್ ಸುರಿದುಬಿಟ್ಟಿದ್ದಾರೆ. ಸೂಜಿ ಚುಚ್ಚಿದವಳು ಅವನ ಎಳೇ ವಯಸ್ಸಿನ ಎರಡನೇ ಹೆಂಡತಿ. ಮನೆಯವರಿಗೆಲ್ಲ ಅವಳೇ ಕೊಲೆಗಾತಿ ಆದರೆ ಸಾಕಾಗಿದೆ! ಹೊರಗಿನಿಂದ ಬಂದವಳಲ್ವಾ.

ಒಬ್ಬ ಸೊಸೆ ನಾಟಕದ ನಟಿ, ಮನೆಯಲ್ಲೂ ನಟನೆ ನಿಲ್ಲಿಸುವುದಿಲ್ಲ. ಇನ್ನೊಬ್ಬಳು ವಿಜ್ಞಾನಿ, ಅವಳ ಕೋಣೆಯಲ್ಲಿ ಬೇಕಾದ್ದಕ್ಕಿಂತ ಒಂದು ಸಾಮಾನೂ ಜಾಸ್ತಿ ಇಲ್ಲ. ಮೊಮ್ಮಗಳು ಜೋಸೆಫೀನ್ ಬಾಗಿಲ ಹಿಂದೆ ನಿಂತು ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಾಳೆ.

ನನಗೆ ಅಂಟಿಕೊಂಡದ್ದು ಮಾತ್ರ ಮುದುಕನ ನಾದಿನಿ ಈಡಿತ್. ತೋಟದಲ್ಲಿ ಹಬ್ಬುವ ಬಳ್ಳಿಯ ಕಳೆಯೊಂದನ್ನು ಕಿತ್ತು, ಹಿಮ್ಮಡಿಯಲ್ಲಿ ಹೊಸಕಿ ಹಾಕುತ್ತಾಳೆ. ನೆಲದೊಳಗೇ ಹರಿಯುತ್ತದೆ, ಬುಡ ಸಿಗುವುದಿಲ್ಲ ಅನ್ನೋದು ಅವಳ ಸಿಟ್ಟು. ಮೊದಲ ಸಲ ಓದುವಾಗ ಸುಮ್ನೆ ತೋಟದ ಮಾತು ಅಂದುಕೊಂಡಿದ್ದೆ. ಈ ಸಲ ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ಕೊಲೆಗಾರ ಯಾರು ಅಂತ ಹೇಳಲ್ಲ. ಕಮೆಂಟಿನಲ್ಲಿ ನೀವೂ ಹೇಳಬೇಡಿ, ದಯವಿಟ್ಟು.

ಬೆಳಿಗ್ಗೆ ಅಪ್ಪನ ಔಷಧಿ ಡಬ್ಬಿ ತೆಗೆದೆ. ಇನ್ಸುಲಿನ್, ಪಕ್ಕದಲ್ಲೇ ಕಣ್ಣಿನ ಡ್ರಾಪ್ಸ್. ಡ್ರಾಪ್ಸ್ ಎತ್ತಿ ಬೇರೆ ಶೆಲ್ಫಿಗೆ ಇಟ್ಟೆ. "ಯಾಕೋ?" ಅಂದ್ರು ಅಪ್ಪ. "ಏನಿಲ್ಲ" ಅಂದೆ.